ಗೌಡಿಕೆ ಯಾರ ಮನೆಯ ಸ್ವತ್ತು?

ಹೊಳಲ್ಕೆರೆಯಿಂದ ಹೊಸದುರ್ಗಕ್ಕೋ ಹಿರಿಯೂರಿನಿಂದ ಚಿತ್ರದುರ್ಗಕ್ಕೋ ಹೋಗುವ ದಾರಿಯಲ್ಲಿ ಯಾವುದಾದರೂ ಹಳ್ಳಿಯಲ್ಲಿ ಬಸ್ಸಿಳಿದು, ‘ಪಟೇಲರ ಮನೆ ಯಾವುದು?’ ಎಂದು ಕೇಳಿ ನೋಡಿ. ಅರಳಿಕಟ್ಟೆಯ ಮೇಲೆ ಕೂತವರು ತಡವರಿಸದೆ ಕೈ ತೋರಿಸುತ್ತಾರೆ. ದೊಡ್ಡ ಪಡಸಾಲೆ, ತೇಗದ ಕಂಬ, ಎತ್ತರದ ಜಗುಲಿ. ಮನೆ ಈಗ ನಾಲ್ಕು ಪಾಲಾಗಿರಬಹುದು. ಮಕ್ಕಳು ಬೆಂಗಳೂರು ಸೇರಿ ಬಾಗಿಲಿಗೆ ಬೀಗ ಬಿದ್ದಿರಲೂಬಹುದು. ಆದರೂ ಊರಿನ ಬಾಯಲ್ಲಿ ಅದು ಪಟೇಲರ ಮನೆಯೇ. ಪಟೇಲ ಎಂಬ ಆ ಹುದ್ದೆ ಕಾನೂನಿನ ಕಣ್ಣಿನಲ್ಲಿ ಇಲ್ಲವಾದದ್ದು 1963ರ ಫೆಬ್ರುವರಿ 1ರಂದು. ಆರು ದಶಕ ಕಳೆದರೂ ಹೆಸರು ಉಳಿದಿದೆ, ಗೌರವ ಉಳಿದಿದೆ, ಕೆಲವು ಕಡೆ ಜಮೀನಿನ ತಕರಾರೂ ಉಳಿದಿದೆ.

ಒಂದು ಕಾಲಕ್ಕೆ ಈ ಹುದ್ದೆಗಾಗಿ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದಾರೆ, ದಾಯಾದಿಗಳು ತಲೆಮಾರುಗಟ್ಟಲೆ ಕಚೇರಿ ಅಲೆದಿದ್ದಾರೆ. ಗೌಡ, ಅಂದರೆ ಪಟೇಲ, ಸತ್ತರೆ ಮುಂದಿನ ಗೌಡ ಯಾರು? ಹಿರಿಯ ಮಗನೇ, ದತ್ತು ಬಂದವನೇ, ತಮ್ಮನೇ? ಊರು ಎರಡಾದರೆ ಹೊಸ ಊರಿಗೆ ಯಾರು? ಇದು ಮೇಲ್ನೋಟಕ್ಕೆ ಊರೊಳಗಿನ ಜಗಳ. ಇಂಥದೇ ಒಂದು ಜಗಳ ಸುಪ್ರೀಂ ಕೋರ್ಟಿನವರೆಗೆ ಹೋಗಿ, ಊರನ್ನು ಆಳುವ ಅಧಿಕಾರ ಒಂದು ಮನೆತನದ ಆಸ್ತಿಯೇ ಎಂಬ ಪ್ರಶ್ನೆಗೆ ನೇರ ಉತ್ತರ ತಂದುಕೊಟ್ಟಿತು. ಆ ಉತ್ತರ ನಮ್ಮ ಪಂಚಾಯಿತಿಗಳಿಗೆ ಇಂದಿಗೂ ಬೇಕಾದದ್ದು. ಅದಕ್ಕಾಗಿ ಈ ಲೇಖನ.

ಗಾವುಂಡನಿಂದ ಗೌಡನವರೆಗೆ

ಊರಿನ ಮುಖ್ಯಸ್ಥನೆಂಬುವನು ಬ್ರಿಟಿಷರೋ ಮೈಸೂರು ದಿವಾನರೋ ಹುಟ್ಟಿಸಿದವನಲ್ಲ. ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 11ನೇ ಸಂಪುಟ ಚಿತ್ರದುರ್ಗ ಜಿಲ್ಲೆಯ ಶಾಸನಗಳಿಗೇ ಮೀಸಲು. ಕನ್ನಡ ನಾಡಿನ ಶಾಸನಗಳನ್ನು ಓದುವವರಿಗೆ ‘ಗಾವುಂಡ’ ಮತ್ತು ‘ಸೇನಬೋವ’ ಎಂಬ ಹೆಸರುಗಳು ಹೆಜ್ಜೆಹೆಜ್ಜೆಗೂ ಸಿಗುತ್ತವೆ. ಗಾವುಂಡ ಗೌಡನಾದ, ಸೇನಬೋವ ಶಾನುಭೋಗನಾದ. ಕೆರೆ ಕಟ್ಟಿಸಿದವನು, ದತ್ತಿ ಬಿಟ್ಟದ್ದಕ್ಕೆ ಸಾಕ್ಷಿ ನಿಂತವನು, ತುರುಗಾಳಗದಲ್ಲಿ ಊರಿನ ದನ ಉಳಿಸಲು ಹೋರಾಡಿದವನು ಎಂದೆಲ್ಲ ಗಾವುಂಡರು ಕಲ್ಲಿನ ಮೇಲೆ ಉಳಿದಿದ್ದಾರೆ.

ಊರಿನ ವ್ಯವಸ್ಥೆ ನಿಂತಿದ್ದು ಆಯಗಾರರ ಮೇಲೆ. ಗೌಡ, ಶಾನುಭೋಗ, ತಳವಾರ, ತೋಟಿ, ನೀರಗಂಟಿ, ಕಮ್ಮಾರ, ಬಡಗಿ, ಕುಂಬಾರ, ಅಗಸ, ಕ್ಷೌರಿಕ, ಜೋಯಿಸ ಹೀಗೆ ಒಬ್ಬೊಬ್ಬರಿಗೆ ಒಂದೊಂದು ಕೆಲಸ. ಸುಗ್ಗಿಯಲ್ಲಿ ಕಣದಿಂದಲೇ ಅವರ ಪಾಲು ‘ಆಯ’ವಾಗಿ ಹೋಗುತ್ತಿತ್ತು. ಗೌಡ ಕಂದಾಯ ಎತ್ತಿಸುವವನು, ಶಾನುಭೋಗ ಲೆಕ್ಕ ಬರೆಯುವವನು. ತಳವಾರನದು ಕಾವಲು. ತೋಟಿ ಓಲೆ ಒಯ್ಯುವವನು, ಡಂಗುರ ಸಾರುವವನು, ಗಡಿಕಲ್ಲು ತೋರಿಸುವವನು. ನೀರಗಂಟಿ ಕೆರೆಯ ತೂಬು ಎತ್ತಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಹಂಚುವವನು. ಮಳೆ ಕಡಿಮೆಯಾದ ದುರ್ಗದ ಸೀಮೆಯಲ್ಲಿ ಆ ಕೊನೆಯವನ ಕೆಲಸದ ತೂಕ ಎಷ್ಟೆಂದು ರೈತರಿಗೆ ಗೊತ್ತು.

ಆಳುವವರು ಬದಲಾಗುತ್ತ ಹೋದರು. 1779ರಲ್ಲಿ ಹೈದರಾಲಿ ಮದಕರಿ ನಾಯಕನಿಂದ ದುರ್ಗವನ್ನು ಗೆದ್ದ. 1799ರಲ್ಲಿ ಟಿಪ್ಪು ಮಡಿದ ಮೇಲೆ ಮೈಸೂರು ಒಡೆಯರ ಆಡಳಿತ ಮರಳಿತು. 1831ರಲ್ಲಿ ಬ್ರಿಟಿಷ್ ಕಮಿಷನರುಗಳು ಬಂದರು. ಮಾರ್ಕ್ ಕಬ್ಬನ್ ರಾಜ್ಯವನ್ನು ನಾಲ್ಕು ವಿಭಾಗ ಮಾಡಿದಾಗ ಚಿತ್ರದುರ್ಗವೂ ಅವುಗಳಲ್ಲಿ ಒಂದಾಯಿತು. 1881ರಲ್ಲಿ ಆಡಳಿತ ಮತ್ತೆ ಒಡೆಯರ ಕೈಸೇರಿತು. ಮೇಲೆ ಯಾರೇ ಬಂದರೂ ಕೆಳಗೆ ಕಂದಾಯ ಎತ್ತಿಕೊಡಲು ಅವರಿಗೆ ಊರಿನ ಗೌಡನೇ ಬೇಕಾಗಿದ್ದ. ಅರಸೊತ್ತಿಗೆಗಳು ಉರುಳಿದರೂ ಗೌಡಿಕೆ ಉಳಿದದ್ದು ಇದರಿಂದ.

ವಿ.ಪಿ. ಮಾಧವರಾವ್ ದಿವಾನರಾಗಿದ್ದಾಗ, ಮೈಸೂರು ಸರ್ಕಾರ ‘ಮೈಸೂರು ಗ್ರಾಮ ಹುದ್ದೆಗಳ ಕಾಯ್ದೆ, 1908’ ಜಾರಿಗೆ ತಂದಿತು. ಅದುವರೆಗೆ ರೂಢಿಯಲ್ಲಿದ್ದ ಪಟೇಲಿಕೆ, ಶಾನುಭೋಗಿಕೆಗಳಿಗೆ ಬರೆದಿಟ್ಟ ಕಾನೂನಿನ ಚೌಕಟ್ಟು ಬಂತು. ನೇಮಕ ಮಾಡುವುದು ಸರ್ಕಾರ, ತಪ್ಪು ಮಾಡಿದರೆ ತೆಗೆಯುವುದೂ ಸರ್ಕಾರ. ಹುದ್ದೆ ಮಾತ್ರ ವಂಶಪಾರಂಪರ್ಯ. ಅಧಿಕಾರ ದೊರೆಯದು, ಹಕ್ಕು ಮನೆತನದ್ದು. ಮುಂದಿನ ಜಗಳಗಳ ಬೇರೆಲ್ಲ ಇದ್ದದ್ದು ಈ ಇಬ್ಬಂದಿಯಲ್ಲಿ.

ಇಷ್ಟು ಜಗಳ ಏಕೆ?

ಪಟೇಲನಿಗೆ ಸಿಗುತ್ತಿದ್ದ ನಗದು, ಹಳೆ ಮೈಸೂರಿನವರು ‘ಪೊಟಗಿ’ ಎನ್ನುತ್ತಿದ್ದ ಸಂಭಾವನೆ, ದೊಡ್ಡದೇನಲ್ಲ. ಆಸೆ ಹುಟ್ಟಿಸಿದ್ದು ಬೇರೆ ಮೂರು. ಮೊದಲನೆಯದು ಇನಾಮು ಜಮೀನು. ಹುದ್ದೆ ಇರುವವರೆಗೆ ಆ ಹೊಲಗದ್ದೆಯ ಫಲ ಆ ಮನೆಗೆ. ಎರಡನೆಯದು ಮರ್ಯಾದೆ. ಮದುವೆಯಲ್ಲಿ ಮೊದಲ ವೀಳ್ಯ, ಜಾತ್ರೆಯಲ್ಲಿ ಮೊದಲ ಕಾಯಿ, ನ್ಯಾಯದ ಕಟ್ಟೆಯ ಮೇಲೆ ಮೊದಲ ಮಾತು. ಮೂರನೆಯದು ಕೈಯಲ್ಲಿದ್ದ ಬಲ. ಅಮಲ್ದಾರರು ಊರಿಗೆ ಬಂದರೆ ಇಳಿಯುತ್ತಿದ್ದುದು ಪಟೇಲರ ಚಾವಡಿಯಲ್ಲಿ. ಬೆಳೆ ಹೋಗಿದೆಯೋ ಇಲ್ಲವೋ, ಕಿಸ್ತಿಗೆ ಯಾರಿಗೆ ವಾಯಿದೆ ಕೊಡಬೇಕು, ಕಳವಾದರೆ ಯಾರ ಮೇಲೆ ಗುಮಾನಿ, ಇವೆಲ್ಲದರಲ್ಲೂ ಅವನ ಒಂದು ಮಾತಿಗೆ ಬೆಲೆ. ಬಡ ರೈತನೊಬ್ಬನ ವರ್ಷದ ಬದುಕು ಕೆಲವೊಮ್ಮೆ ಆ ಮಾತಿನ ಮೇಲೆ ನಿಲ್ಲುತ್ತಿತ್ತು.

ಹೀಗಿರುವಾಗ ಪಟೇಲ ತೀರಿಕೊಂಡನೆಂದರೆ ಮನೆಯಲ್ಲಿ ಸೂತಕ ಕಳೆಯುವ ಮೊದಲೇ ವಾರಸಿನ ಮಾತು ಏಳುತ್ತಿತ್ತು. ಹಿರಿಯ ಹೆಂಡತಿಗೆ ಮಕ್ಕಳಿಲ್ಲ, ಕಿರಿಯವಳ ಮಗ ದೊಡ್ಡವನು. ದತ್ತು ತೆಗೆದುಕೊಂಡದ್ದು ನಿಜ, ಆದರೆ ಶಾಸ್ತ್ರ ಸರಿಯಾಗಿ ಆಗಿತ್ತೇ? ಹಿರಿ ಕವಲಿನವನು ಊರು ಬಿಟ್ಟು ಹೋಗಿದ್ದಾನೆ, ಹತ್ತು ವರ್ಷದಿಂದ ಕೆಲಸ ನೋಡಿಕೊಂಡವನು ಕಿರಿ ಕವಲಿನವನು. ಈ ತಕರಾರುಗಳೆಲ್ಲ ಅಮಲ್ದಾರರ ವರದಿಯಿಂದ ಹೊರಟು ಕಂದಾಯ ಇಲಾಖೆಯ ಮೆಟ್ಟಿಲು ಒಂದೊಂದಾಗಿ ಹತ್ತುತ್ತಿದ್ದವು. ನೆರೆಯ ಮದರಾಸು ಪ್ರಾಂತ್ಯದ 1895ರ ಕಾಯ್ದೆಯಲ್ಲಂತೂ ಒಂದು ವಿಶೇಷವಿತ್ತು. ವಾರಸುದಾರ ಇನ್ನೂ ಎಳೆಯ ಹುಡುಗನಾದರೆ ಅವನ ಹೆಸರನ್ನೇ ದಾಖಲೆಗೆ ಸೇರಿಸಿ, ಅವನು ಪ್ರಾಯಕ್ಕೆ ಬರುವ ತನಕ ಬೇರೊಬ್ಬನಿಂದ ಕೆಲಸ ಮಾಡಿಸಬೇಕಿತ್ತು. ತೊಟ್ಟಿಲಲ್ಲಿರುವ ಮಗುವಿಗೆ ಊರಿನ ಯಜಮಾನಿಕೆ ಕಾದಿರಿಸಿದಂತೆ. ಆ ಮಗು ಬೆಳೆದು ನ್ಯಾಯವಂತನಾಗುವನೋ ಎಂಬ ಪ್ರಶ್ನೆಗೆ ಅಲ್ಲಿ ಜಾಗವೇ ಇರಲಿಲ್ಲ.

ಒಂದು ಊರು ಎರಡಾದಾಗ

ಈ ಇಡೀ ಏರ್ಪಾಡನ್ನು ಕಟಕಟೆಗೆ ತಂದು ನಿಲ್ಲಿಸಿದ ಮೊಕದ್ದಮೆ ಆಂಧ್ರದ ಗುಂಟೂರು ಜಿಲ್ಲೆಯದು. ಅಲ್ಲಿ ಪೆರವಲಿ ಎಂಬ ಗ್ರಾಮವನ್ನು ಒಡೆದು ಪೆರವಲಿಪಾಳೆಂ ಎಂಬ ಹೊಸ ಗ್ರಾಮ ಮಾಡಿದರು. ಹೊಸ ಊರಿಗೆ ಗ್ರಾಮ ಮುನ್ಸಿಫ್ ಬೇಕಾಯಿತು. ನಮ್ಮ ಪಟೇಲಿಕೆಯನ್ನೇ ಹೋಲುವ ಹುದ್ದೆ ಅದು. ಅರ್ಜಿಗಳು ಬಂದವು. ಉಪವಿಭಾಗದ ಕಂದಾಯ ಅಧಿಕಾರಿ ಅರ್ಜಿದಾರರಲ್ಲಿ ಯೋಗ್ಯನೆಂದು ಕಂಡವನನ್ನು ಆರಿಸಿದರು. ಮೇಲ್ಮನವಿ ಹೋದಾಗ ಕಲೆಕ್ಟರು ಆ ನೇಮಕ ರದ್ದು ಮಾಡಿ ಮತ್ತೊಬ್ಬನನ್ನು ನೇಮಿಸಿದರು. ಕಾರಣ, ಆ ಇನ್ನೊಬ್ಬ ಹಳೆಯ ಊರಿನ ಮುನ್ಸಿಫನ ಮಗ. ಊರು ಒಡೆದಾಗ ಹೊಸ ಹುದ್ದೆಗೆ ಹಳೆಯ ಹುದ್ದೆದಾರರ ಕುಟುಂಬದಿಂದಲೇ ಆರಿಸಬೇಕೆಂದು 1895ರ ಕಾಯ್ದೆಯ 6ನೇ ಸೆಕ್ಷನ್ ಹೇಳುತ್ತಿತ್ತು. ಕಲೆಕ್ಟರು ಕಾನೂನು ಮೀರಿರಲಿಲ್ಲ. ಕಾನೂನು ಬರೆದಿದ್ದಂತೆಯೇ ನಡೆದಿದ್ದರು.

ಹುದ್ದೆ ಕಳೆದುಕೊಂಡವನು ಆ ಕಾನೂನನ್ನೇ ಪ್ರಶ್ನಿಸಿ ಸಂವಿಧಾನದ 32ನೇ ವಿಧಿಯಡಿ ನೇರವಾಗಿ ಸುಪ್ರೀಂ ಕೋರ್ಟಿಗೆ ಹೋದ. ‘ಗಾಜುಲ ದಶರಥರಾಮರಾವ್ ವಿರುದ್ಧ ಆಂಧ್ರಪ್ರದೇಶ ಸರ್ಕಾರ’ ಎಂದು ಕಾನೂನು ವಿದ್ಯಾರ್ಥಿಗಳು ಇಂದಿಗೂ ಓದುವ ಮೊಕದ್ದಮೆ ಇದೇ. ತೀರ್ಪು ಬಂದದ್ದು 1960ರ ಡಿಸೆಂಬರಿನಲ್ಲಿ.

ಸಂವಿಧಾನದ 16ನೇ ವಿಧಿ ಸರ್ಕಾರಿ ಉದ್ಯೋಗದಲ್ಲಿ ಎಲ್ಲರಿಗೂ ಸಮಾನ ಅವಕಾಶ ಎನ್ನುತ್ತದೆ. ಅದರ ಎರಡನೇ ಖಂಡ ತಾರತಮ್ಯ ಮಾಡಬಾರದ ಕಾರಣಗಳನ್ನು ಎಣಿಸುತ್ತದೆ: ಧರ್ಮ, ಜನಾಂಗ, ಜಾತಿ, ಲಿಂಗ, ವಂಶ, ಹುಟ್ಟಿದ ಸ್ಥಳ, ವಾಸಸ್ಥಳ. ಇಲ್ಲಿ ‘ವಂಶ’ ಎಂಬ ಪದವನ್ನು ಗಮನಿಸಬೇಕು. ಇದಕ್ಕೆ ಮುಂಚಿನ 15ನೇ ವಿಧಿಯ ಪಟ್ಟಿಯಲ್ಲಿ ಆ ಪದವಿಲ್ಲ. ಉದ್ಯೋಗದ ಮಾತು ಬಂದಾಗ ಸಂವಿಧಾನ ಅದನ್ನು ಬೇರೆಯಾಗಿ ಹೆಸರಿಸಿದೆ. ಇಂಥವನ ಮಗ ಎಂಬುದೊಂದೇ ಯೋಗ್ಯತೆಯಾಗಬಾರದು, ಇಂಥವನ ಮಗನಲ್ಲ ಎಂಬುದು ಅಡ್ಡಿಯೂ ಆಗಬಾರದು.

ಇದು ಸಂವಿಧಾನಕ್ಕೂ ಮುಂಚೆ ರೂಢಿಯಿಂದ ಬಂದ ಹಕ್ಕು, ಹುದ್ದೆಯೂ ಅದರ ಉತ್ಪನ್ನವೂ ಆ ಮನೆತನದ ಆಸ್ತಿಯಂತೆ, ಇದನ್ನು ಮಾಮೂಲು ಸರ್ಕಾರಿ ಉದ್ಯೋಗಕ್ಕೆ ಹೋಲಿಸಬಾರದು ಎಂಬ ವಾದ ಸುಪ್ರೀಂ ಕೋರ್ಟಿನಲ್ಲಿ ನಿಲ್ಲಲಿಲ್ಲ. ಗ್ರಾಮ ಮುನ್ಸಿಫನನ್ನು ನೇಮಿಸುವುದು ಸರ್ಕಾರ, ಅವನು ಮಾಡುವುದು ಸರ್ಕಾರದ ಕೆಲಸ, ತೆಗೆದುಕೊಳ್ಳುವುದು ಸರ್ಕಾರ ಗೊತ್ತುಮಾಡಿದ ಸಂಭಾವನೆ, ಅವನ ಮೇಲೆ ಶಿಸ್ತಿನ ಕ್ರಮದ ಅಧಿಕಾರವೂ ಸರ್ಕಾರದ್ದೇ. ಆದ್ದರಿಂದ ಇದು ಸರ್ಕಾರದ ಅಧೀನದ ಹುದ್ದೆ. ಸಂಭಾವನೆ ಇರುವುದು ಮಾಡಿದ ಸೇವೆಗಾಗಿ, ಹುಟ್ಟಿದ ಮನೆಗಾಗಿ ಅಲ್ಲ. ವಂಶವೊಂದನ್ನೇ ನೋಡಿ ಆರಿಸಬೇಕೆನ್ನುವ ಆ ನಿಯಮ ಸಂವಿಧಾನಕ್ಕೆ ವಿರುದ್ಧ ಎಂದು ಕೋರ್ಟು ಹೇಳಿತು. ಹಳೆಯ ಮುನ್ಸಿಫನ ಮಗನ ನೇಮಕ ಬಿದ್ದುಹೋಯಿತು.

ಇದಕ್ಕೆ ಎರಡು ವರ್ಷ ಮೊದಲೇ ನಮ್ಮ ಪಟೇಲ, ಶಾನುಭೋಗರ ವಿಷಯವೂ ಸುಪ್ರೀಂ ಕೋರ್ಟಿನ ಮುಂದೆ ಬಂದಿತ್ತು. 1957ರ ಮೈಸೂರು ವಿಧಾನಸಭೆ ಚುನಾವಣೆಗೆ ಸಂಬಂಧಿಸಿದ ಒಂದು ತಕರಾರು ಅದು. 1908ರ ಕಾಯ್ದೆಯಡಿ ಕೆಲಸ ಮಾಡುವ ಪಟೇಲರು, ಶಾನುಭೋಗರು ಸರ್ಕಾರದ ಅಧೀನದಲ್ಲಿ ಲಾಭದ ಹುದ್ದೆ ಹೊಂದಿದವರೇ ಎಂಬ ಪ್ರಶ್ನೆ ಎದ್ದಿತು. 1958ರ ‘ರಾಮಪ್ಪ ವಿರುದ್ಧ ಸಂಗಪ್ಪ’ ತೀರ್ಪು ಹೌದು ಎಂದಿತು. ವಾರಸುದಾರನನ್ನೇ ನೇಮಿಸಬೇಕಾದ ಕಟ್ಟು ಸರ್ಕಾರಕ್ಕೆ ಇರಬಹುದು. ಆದರೂ ಅವನು ಪಟೇಲನಾಗುವುದು ನೇಮಕದಿಂದ, ಹುಟ್ಟಿನಿಂದಲ್ಲ ಎಂಬುದು ಅದರ ಸಾರ. ಮೈಸೂರಿನ ಪಟೇಲಿಕೆ ಸರ್ಕಾರದ ಹುದ್ದೆ ಎಂದು ಒಂದು ತೀರ್ಪು ಹೇಳಿತ್ತು, ಸರ್ಕಾರದ ಹುದ್ದೆಗೆ ವಂಶವೇ ಅರ್ಹತೆಯಾಗಕೂಡದು ಎಂದು ಮತ್ತೊಂದು ಹೇಳಿತು. ಎರಡನ್ನೂ ಜೋಡಿಸಿ ನೋಡಿದರೆ ಹಳೆಯ ಏರ್ಪಾಡಿಗೆ ನಿಲ್ಲಲು ನೆಲವೇ ಉಳಿಯಲಿಲ್ಲ.

ದುರ್ಗದ ವಕೀಲರ ಕಾಲದಲ್ಲಿ

ಏಕೀಕೃತ ಮೈಸೂರು ರಾಜ್ಯಕ್ಕೆ ಇನ್ನೊಂದು ತೊಡಕಿತ್ತು. 1956ರಲ್ಲಿ ಬೇರೆ ಬೇರೆ ಪ್ರಾಂತ್ಯಗಳ ಕನ್ನಡ ಜಿಲ್ಲೆಗಳು ಒಂದಾದಾಗ ಪ್ರತಿಯೊಂದೂ ತನ್ನ ಹಳೆಯ ಕಾಯ್ದೆಯನ್ನು ಜೊತೆಗೆ ತಂದಿತ್ತು. ಹಳೆ ಮೈಸೂರಿಗೆ 1908ರ ಕಾಯ್ದೆ, ಮುಂಬಯಿ ಕರ್ನಾಟಕಕ್ಕೆ 1874ರ ವತನ್ (ವಂಶಪಾರಂಪರ್ಯ ಹುದ್ದೆ) ಕಾಯ್ದೆ, ಮದರಾಸಿನಿಂದ ಬಂದ ಭಾಗಕ್ಕೆ 1895ರದು. ಇವೆಲ್ಲಕ್ಕೂ ಒಂದೇ ಕೊನೆ ಹಾಡಿದ್ದು 1961ರ ಮೈಸೂರು ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ. ರೂಢಿ, ಸನ್ನದು, ದಾನಪತ್ರ ಏನೇ ಇದ್ದರೂ ಲೆಕ್ಕಿಸದೆ ವಂಶಪಾರಂಪರ್ಯ ಗ್ರಾಮ ಹುದ್ದೆಗಳನ್ನೆಲ್ಲ ಅದು ರದ್ದು ಮಾಡಿತು.

ಕಾಯ್ದೆ ಜಾರಿಗೆ ಬಂದ ದಿನ, 1963ರ ಫೆಬ್ರುವರಿ 1ರಂದು, ಮುಖ್ಯಮಂತ್ರಿಯಾಗಿದ್ದವರು ಎಸ್. ನಿಜಲಿಂಗಪ್ಪ. ಅವರು ಚಿತ್ರದುರ್ಗದಲ್ಲಿ ವಕೀಲಿ ಮಾಡಿದವರು, ಸುತ್ತಲಿನ ಹಳ್ಳಿಗಳ ಕಕ್ಷಿದಾರರನ್ನು ಕಂಡವರು. ಅವರ ಸಮಾಧಿ ಇರುವುದೂ ದುರ್ಗದ ಬಳಿಯ ಸೀಬಾರದಲ್ಲಿ. ಪಟೇಲಿಕೆ, ಶಾನುಭೋಗಿಕೆಗಳ ಬಲ ಮತ್ತು ಬಾಧೆ ಎರಡನ್ನೂ ಹತ್ತಿರದಿಂದ ಬಲ್ಲ ಸೀಮೆಯ ವಕೀಲರೊಬ್ಬರ ಆಡಳಿತದಲ್ಲೇ ಅವು ಮುಗಿದವು.

ಹುದ್ದೆ ಕಳೆದುಕೊಂಡವರು ಸುಮ್ಮನಿರಲಿಲ್ಲ. ಪಟೇಲರು, ಶಾನುಭೋಗರು ಈ ಕಾಯ್ದೆಯನ್ನೇ ಪ್ರಶ್ನಿಸಿದರು. ‘ಶಂಕರನಾರಾಯಣ ವಿರುದ್ಧ ಮೈಸೂರು ರಾಜ್ಯ’ ಎಂದು 1966ರ ಕಾನೂನು ವರದಿಗಳಲ್ಲಿ ಅಚ್ಚಾದ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು. ಶಾನುಭೋಗರ ಕಡತಗಳು ಸಂಬಳದ ಗ್ರಾಮ ಲೆಕ್ಕಿಗರ ಕೈಸೇರಿದವು. ಅವರೇ ಈಗಿನ ಗ್ರಾಮ ಆಡಳಿತಾಧಿಕಾರಿಗಳು. ತಮಿಳುನಾಡು ತನ್ನ ಹಳೆಯ ಗ್ರಾಮಾಧಿಕಾರಿಗಳ ಹುದ್ದೆಗಳನ್ನು ರದ್ದು ಮಾಡಿದ್ದು 1980ರಲ್ಲಿ. ಆಂಧ್ರದಲ್ಲಿ ಎನ್.ಟಿ. ರಾಮರಾವ್ ಸರ್ಕಾರ ಅದನ್ನು ಮಾಡಿದ್ದು 1984ರಲ್ಲಿ. ಕರ್ನಾಟಕ ಅವೆರಡಕ್ಕಿಂತ ಬಹಳ ಮುಂಚೆ ಈ ಹೆಜ್ಜೆ ಇಟ್ಟಿತ್ತು.

ಹುದ್ದೆ ಹೋಯಿತು, ಹೊಲದ ತಕರಾರು ಉಳಿಯಿತು

ಕಾಯ್ದೆ ಹುದ್ದೆಯನ್ನು ರದ್ದು ಮಾಡಿದಾಗ ಅದಕ್ಕೆ ಅಂಟಿಕೊಂಡಿದ್ದ ಇನಾಮು ಜಮೀನು ಸರ್ಕಾರಕ್ಕೆ ಮರಳಿತು. ಆಮೇಲೆ ಗೊತ್ತುಪಡಿಸಿದ ಹಣ ಕಟ್ಟಿದ ಹುದ್ದೆದಾರನಿಗೇ ಅದನ್ನು ರೈತಾವಾರಿ ಹಕ್ಕಿನಲ್ಲಿ ಮರುಮಂಜೂರು ಮಾಡುವ ಏರ್ಪಾಡಾಯಿತು. ಅಲ್ಲಿಂದ ಹೊಸ ಜಗಳಗಳು ಹುಟ್ಟಿಕೊಂಡವು.

ಹುದ್ದೆ ಇದ್ದಾಗ ದಾಖಲೆಯಲ್ಲಿ ಹೆಸರು ಒಬ್ಬನದೇ, ಸಾಮಾನ್ಯವಾಗಿ ಹಿರಿಯ ಕವಲಿನವನದು. ಮರುಮಂಜೂರಾತಿ ಆದೇಶವೂ ಅವನ ಹೆಸರಿಗೇ ಬಂತು. ಹಾಗಾದರೆ ಹೊಲ ಅವನೊಬ್ಬನದೋ, ತಮ್ಮಂದಿರಿಗೂ ಪಾಲುಂಟೋ? ಇದೇ ಬಗೆಯ ಪ್ರಶ್ನೆ ಧಾರವಾಡ ಜಿಲ್ಲೆಯ ಕುಂದಗೋಳದ ದೇಶಗತಿ ಆಸ್ತಿಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಹಿರಿಯ ಕವಲಿನವರು, ಇದು ಪಾಲಾಗದ ವತನು, ಹಿರಿಯನಿಗೇ ಸೇರಬೇಕು ಎಂದರು. ಕೋರ್ಟು 1982ರಲ್ಲಿ ಅದನ್ನು ಒಪ್ಪಲಿಲ್ಲ. ವತನು ರದ್ದಾಗಿ ಜಮೀನು ಮರುಮಂಜೂರಾದ ಮೇಲೆ ಅದು ಅವಿಭಕ್ತ ಕುಟುಂಬದ ಆಸ್ತಿ, ಎಲ್ಲರಿಗೂ ಪಾಲುಂಟು ಎಂದಿತು. ಹುದ್ದೆಯ ಸಲುವಾಗಿ ಒಬ್ಬನ ಕೈಯಲ್ಲಿದ್ದದ್ದು ಹುದ್ದೆಯೇ ಹೋದ ಮೇಲೆ ಮನೆಮಂದಿಗೆಲ್ಲ ಸೇರಬೇಕೆಂಬುದು ನ್ಯಾಯವಾದ ಮಾತು.

ಇನ್ನೊಂದು ಬಗೆಯ ತಕರಾರು ಮಾರಾಟದ್ದು. ಮರುಮಂಜೂರಾದ ಜಮೀನನ್ನು, ಕೆಲವರು ಮಂಜೂರಾಗುವ ಮೊದಲೇ, ಕಷ್ಟಕ್ಕೆ ಸಿಕ್ಕು ಅಗ್ಗಕ್ಕೆ ಮಾರಿಕೊಂಡರು. ಹೀಗೆ ಜಮೀನು ಕಳೆದುಕೊಂಡವರಲ್ಲಿ ತೋಟಿ, ತಳವಾರ, ನೀರಗಂಟಿಗಳ ಮನೆಯವರೂ ಇದ್ದರು. ರದ್ದಿಯಾತಿ ಕಾಯ್ದೆಗೆ 1978ರ ಆಗಸ್ಟ್ 7ರಿಂದ ಜಾರಿಗೆ ಬಂದ ತಿದ್ದುಪಡಿ, ಕುಟುಂಬದೊಳಗಿನ ಪಾಲು ಬಿಟ್ಟರೆ ಇಂಥ ಜಮೀನನ್ನು 15 ವರ್ಷ ಪರಭಾರೆ ಮಾಡಕೂಡದೆಂದು ಕಟ್ಟು ಹಾಕಿತು. ಆ ದಿನಕ್ಕೆ ಮುಂಚಿನ ಮಾರಾಟ, ಆಮೇಲಿನ ಮಾರಾಟ, ಮಂಜೂರಾತಿಗೆ ಮುಂಚೆ, ಮಂಜೂರಾತಿಯ ನಂತರ ಎಂಬ ಎಳೆಗಳನ್ನು ಬಿಡಿಸುವುದರಲ್ಲೇ ಎಷ್ಟೋ ಕುಟುಂಬಗಳ ಸಂಪಾದನೆ ಕೋರ್ಟಿಗೆ ಸುರಿದುಹೋಗಿದೆ. ನಿಮ್ಮ ಮನೆಯ ಪಹಣಿಯಲ್ಲಿ ಪಟೇಲಿಕೆ ಇನಾಮು, ತೋಟಿ ಇನಾಮು, ನೀರಗಂಟಿ ಇನಾಮು ಎಂಬ ಹಳೆಯ ನಮೂದು ಇದ್ದರೆ ಮೊದಲು ಮರುಮಂಜೂರಾತಿ ಆದೇಶದ ಪ್ರತಿ ತೆಗೆಸಿಡಿ. ಆದೇಶ ಯಾವ ತಾರೀಖಿನದು, ಹಣ ಕಟ್ಟಿದ ರಸೀದಿ ಇದೆಯೇ, ಖಾತೆ ಬದಲಾವಣೆ ಯಾವಾಗ ಆಯಿತು, ಮಾರಾಟ ಆಗಿದ್ದರೆ ಎಂದು ಆಯಿತು, ಈ ನಾಲ್ಕು ಸಂಗತಿ ಗೊತ್ತಿಲ್ಲದೆ ವಕೀಲರ ಬಳಿ ಹೋದರೆ ಅವರೂ ಕತ್ತಲಲ್ಲಿ ತಡಕಬೇಕಾಗುತ್ತದೆ.

ಹುಟ್ಟಿನಿಂದ ಬಂದ ನೊಗ

ವಂಶಪಾರಂಪರ್ಯ ಎಂದೊಡನೆ ನಮಗೆ ನೆನಪಾಗುವುದು ಗೌಡರ ಜಗುಲಿ. ಅದೇ ವಂಶಪಾರಂಪರ್ಯಕ್ಕೆ ಕೇರಿಯ ಕಡೆಯಿಂದ ಇನ್ನೊಂದು ಮುಖವಿತ್ತು. ಗೌಡನ ಮಗ ಗೌಡನಾಗುವ ನಿಯಮವೇ ತೋಟಿಯ ಮಗನನ್ನು ತೋಟಿಯಾಗಿಸುತ್ತಿತ್ತು. ಮೇಲಿನವನಿಗೆ ಅದು ಹಕ್ಕು, ಕೆಳಗಿನವನಿಗೆ ಕಳಚಲಾಗದ ನೊಗ. ನಡುರಾತ್ರಿ ಓಲೆ ಒಯ್ಯಬೇಕು, ಅಧಿಕಾರಿಗಳ ಗಂಟು ಹೊರಬೇಕು, ಊರಿನಲ್ಲಿ ದನ ಸತ್ತರೆ ಎಳೆಯಬೇಕು. ಬಿಡುತ್ತೇನೆಂದರೆ ತುಂಡು ಇನಾಮು ಹೊಲವೂ ಹೋಗುತ್ತದೆ, ಕಣದ ಆಯವೂ ನಿಲ್ಲುತ್ತದೆ.

ಇದನ್ನು ನಿಚ್ಚಳವಾಗಿ ಕಂಡವರು ಬಿ.ಆರ್. ಅಂಬೇಡ್ಕರ್. 1928ರಲ್ಲಿ ಅವರು ಮುಂಬಯಿ ವಿಧಾನ ಪರಿಷತ್ತಿನಲ್ಲಿ 1874ರ ವಂಶಪಾರಂಪರ್ಯ ಹುದ್ದೆಗಳ ಕಾಯ್ದೆಗೆ ತಿದ್ದುಪಡಿ ಮಸೂದೆ ಮಂಡಿಸಿದರು. ಮಹಾರ್ ವತನುದಾರನಿಗೆ ಕೆಲಸಕ್ಕೆ ಹೊತ್ತಿಲ್ಲ ಗೊತ್ತಿಲ್ಲ, ಅವನಿಲ್ಲದಿದ್ದರೆ ಮನೆಯ ಇನ್ನೊಬ್ಬರನ್ನು ಹಿಡಿದು ದುಡಿಸುತ್ತಾರೆ, ಇಷ್ಟಕ್ಕೆ ಸಿಗುವುದು ಅರೆಹೊಟ್ಟೆಯ ಕೂಲಿ ಎಂಬುದನ್ನು ಅವರು ಸಭೆಯ ಮುಂದೆ ಇಟ್ಟರು. ಆ ಕಾಯ್ದೆಯೇ ಆಗ ಬೆಳಗಾವಿ, ಧಾರವಾಡ, ವಿಜಯಪುರದ ನಮ್ಮ ಹಳ್ಳಿಗಳಿಗೂ ಅನ್ವಯಿಸುತ್ತಿತ್ತು. ಮಸೂದೆ ಅಂದು ಕಾಯ್ದೆಯಾಗಲಿಲ್ಲ. ಆದರೆ ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷ ಸ್ಥಾನದಲ್ಲಿ ಮುಂದೆ ಕುಳಿತವರು ಅವರೇ. ‘ವಂಶ’ ಎಂಬ ಪದ ಆ ಸಂವಿಧಾನದ 16ನೇ ವಿಧಿಯಲ್ಲಿದೆ. ಪೆರವಲಿಪಾಳೆಂನ ಅರ್ಜಿದಾರನಿಗೆ ಬಾಗಿಲು ತೆರೆದದ್ದು ಆ ಒಂದು ಪದ.

ಗೌಡಿಕೆಯ ರದ್ದತಿಯನ್ನು ಗೌಡರಿಗೆ ಆದ ನಷ್ಟವೆಂದು ಮಾತ್ರ ನೋಡಬಾರದೆನ್ನುವುದು ಇದಕ್ಕೇ. ಒಳ್ಳೆಯ ಪಟೇಲರು ಇರಲಿಲ್ಲವೆಂದಲ್ಲ. ಬರಗಾಲದಲ್ಲಿ ಕಣಜ ತೆರೆದವರು, ಕೈಯಿಂದ ಕಿಸ್ತು ಕಟ್ಟಿ ರೈತರ ಹೊಲ ಉಳಿಸಿದವರು ಇದ್ದರು. ಊರು ಅವರನ್ನು ಇಂದಿಗೂ ನೆನೆಯುತ್ತದೆ, ನೆನೆಯಬೇಕು. ಆದರೆ ಒಳ್ಳೆಯ ಗೌಡ ಸಿಕ್ಕಿದ್ದು ಊರಿನ ಪುಣ್ಯದಿಂದ, ಊರಿನ ಹಕ್ಕಿನಿಂದಲ್ಲ. ಕೆಟ್ಟವನು ಸಿಕ್ಕರೆ ಅವನನ್ನು ಬದಲಿಸುವ ದಾರಿ ಊರಿನ ಕೈಯಲ್ಲಿರಲಿಲ್ಲ.

ಮರ್ಯಾದೆ ಬೇರೆ, ಅಧಿಕಾರ ಬೇರೆ

ಕಾನೂನು ಮುಟ್ಟದೆ ಬಿಟ್ಟ ಯಜಮಾನಿಕೆಗಳೂ ನಮ್ಮ ಸೀಮೆಯಲ್ಲಿವೆ. ಮ್ಯಾಸಬೇಡರ, ಕಾಡುಗೊಲ್ಲರ ಕಟ್ಟೆಮನೆಗಳು, ಲಂಬಾಣಿ ತಾಂಡಾಗಳ ನಾಯಕ, ಡಾವ, ಕಾರಬಾರಿ ಸ್ಥಾನಗಳು, ಜಾತ್ರೆಯ ಮೊದಲ ಪೂಜೆ. ಇವು ನಂಬಿಕೆಯ, ಸಮುದಾಯದ ವಿಷಯ. ಧಾರ್ಮಿಕ ಸಂಸ್ಥೆಯ ಹುದ್ದೆಗೆ ಆ ಧರ್ಮದವರೇ ಇರಬೇಕೆಂಬ ನಿಯಮಕ್ಕೆ 16ನೇ ವಿಧಿಯೂ ಅಡ್ಡಿ ಮಾಡುವುದಿಲ್ಲ. ಒಂದು ಮನೆಗೆ ಊರು ಮೊದಲ ವೀಳ್ಯ ಕೊಡುವುದಾದರೆ ಕೊಡಲಿ. ಆದರೆ ಆ ವೀಳ್ಯದ ಹೆಸರಿನಲ್ಲಿ ಯಾರಿಗೂ ದಂಡ ಹಾಕುವ, ಯಾರನ್ನೂ ಊರಿನಿಂದ ಹೊರಗಿಡುವ, ನೀರು ನಿಲ್ಲಿಸುವ ಅಧಿಕಾರ ಇಲ್ಲ. ಮರ್ಯಾದೆ ಊರು ಕೊಡುವುದು, ಅಧಿಕಾರ ಕಾನೂನು ಕೊಡುವುದು. ಇವೆರಡನ್ನು ಬೆರೆಸಿದಲ್ಲೆಲ್ಲ ಬಡವನಿಗೆ ಅನ್ಯಾಯವಾಗಿದೆ.

ಹಟ್ಟಿ, ತಾಂಡಾಗಳು ಒಂದೊಂದಾಗಿ ಕಂದಾಯ ಗ್ರಾಮಗಳಾಗುತ್ತಿರುವ ಕಾಲ ಇದು. ಪೆರವಲಿಯಂತೆ ಇಲ್ಲೂ ಹಳೆಯ ಊರಿನ ಒಡಲಿನಿಂದ ಹೊಸ ಊರು ಹುಟ್ಟುತ್ತಿದೆ. ಹೊಸ ಊರಿನ ಯಜಮಾನಿಕೆ ಹಳೆಯ ಮನೆಗೇ ಸೇರಬೇಕೇ ಎಂಬ ಪ್ರಶ್ನೆಯನ್ನು ಈಗ ಯಾರೂ ಕಲೆಕ್ಟರರ ಮುಂದೆ ಇಡಬೇಕಾಗಿಲ್ಲ. ಉತ್ತರ ಮತಪೆಟ್ಟಿಗೆಯಲ್ಲಿದೆ. 1993ರ ಪಂಚಾಯತ್ ರಾಜ್ ಕಾಯ್ದೆಯಡಿ ಸದಸ್ಯರನ್ನು ಊರು ಆರಿಸುತ್ತದೆ, ಅಧ್ಯಕ್ಷರನ್ನು ಸದಸ್ಯರು ಆರಿಸುತ್ತಾರೆ. ಅರ್ಧದಷ್ಟು ಸ್ಥಾನ ಹೆಣ್ಣುಮಕ್ಕಳಿಗೆ. ಪರಿಶಿಷ್ಟ ಜಾತಿ, ಪಂಗಡದವರಿಗೆ, ಹಿಂದುಳಿದವರಿಗೆ ಮೀಸಲು. ತೋಟಿಯ ಮೊಮ್ಮಗಳು ಅಧ್ಯಕ್ಷೆಯಾಗಿ ಕೂರುವುದು ಇಂದು ಯಾರ ಕೃಪೆಯಿಂದಲೂ ಅಲ್ಲ, ಅದು ಅವಳ ಹಕ್ಕು. ದುರ್ಗಕ್ಕೆ ನೆರೆಯ ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನ ಜೆ.ಎಚ್. ಪಟೇಲರು 1996ರಲ್ಲಿ ಮುಖ್ಯಮಂತ್ರಿಯಾದರು. ಹೆಸರಿನಲ್ಲಿ ಪಟೇಲಿಕೆ ಇದ್ದರೂ ಅವರನ್ನು ಆ ಕುರ್ಚಿಯವರೆಗೆ ತಂದದ್ದು ಚುನಾವಣೆಯ ರಾಜಕಾರಣ.

ಹಳೆಯ ರೋಗ ಹೊಸ ವೇಷದಲ್ಲಿ ಮರಳುವುದನ್ನೂ ನಾವು ಕಾಣುತ್ತಿದ್ದೇವೆ. ಅಧ್ಯಕ್ಷೆ ಮನೆಯಲ್ಲಿ, ಕುರ್ಚಿಯಲ್ಲಿ ಗಂಡ. ಸಹಿ ಅವಳದು, ಮಾತು ಅವನದು. ವಾರಸುದಾರ ಹುಡುಗನ ಹೆಸರಿನಲ್ಲಿ ಬೇರೊಬ್ಬ ಕೆಲಸ ನಡೆಸುತ್ತಿದ್ದ ಆ ಹಳೆಯ ಪದ್ಧತಿಗೂ ಇದಕ್ಕೂ ಏನು ವ್ಯತ್ಯಾಸ? 2020ರ ಗ್ರಾಮ ಪಂಚಾಯಿತಿ ಚುನಾವಣೆಯ ಹೊತ್ತಿನಲ್ಲಿ ರಾಜ್ಯದ ಕೆಲವೆಡೆ ಸದಸ್ಯ ಸ್ಥಾನಗಳನ್ನೇ ಹರಾಜು ಹಾಕಿದ ಸುದ್ದಿ ಬಂತು, ಚುನಾವಣಾ ಆಯೋಗ ಎಚ್ಚರಿಕೆ ಕೊಡಬೇಕಾಯಿತು. ಹರಾಜಿನ ಹಣ ದೇವಸ್ಥಾನಕ್ಕೆ ಎಂದು ಸಮಾಧಾನ ಹೇಳಿಕೊಂಡವರೂ ಇದ್ದರು. ದೇವರ ಹೆಸರಿನಲ್ಲಾದರೂ ಕೊಂಡ ಅಧಿಕಾರ ಕೊಂಡವನ ಸ್ವತ್ತೇ ಆಗುತ್ತದೆ. ಹಾಕಿದ ದುಡ್ಡು ತೆಗೆಯುವ ತನಕ ಅವನು ಊರಿನ ಕೆಲಸಕ್ಕೆ ಕೈ ಹಾಕುವುದಿಲ್ಲ. ಅವಿರೋಧ ಆಯ್ಕೆ ಎಂದು ಹೆಮ್ಮೆಪಡುವ ಮೊದಲು, ಯಾರ ಬಾಯಿ ಮುಚ್ಚಿಸಿ ಆ ಅವಿರೋಧ ಬಂತು ಎಂದು ಊರು ತನ್ನನ್ನೇ ಕೇಳಿಕೊಳ್ಳಬೇಕು.

ಗೌಡಿಕೆಗಾಗಿ ನಡೆದ ಆ ಮೊಕದ್ದಮೆಗಳ ಒಟ್ಟು ತಿರುಳು ಒಂದೇ. ಊರಿನ ಅಧಿಕಾರ ಯಾರ ಮನೆಯ ಸ್ವತ್ತೂ ಅಲ್ಲ. ಅದನ್ನು ತಂದೆಯಿಂದ ಪಡೆಯುವಂತಿಲ್ಲ, ಗಂಡನಿಗೆ ಬಿಟ್ಟುಕೊಡುವಂತಿಲ್ಲ, ಹರಾಜಿನಲ್ಲಿ ಕೂಗಿ ಕೊಳ್ಳುವಂತಿಲ್ಲ. ಮುಂದಿನ ಬಾರಿ ನಿಮ್ಮೂರಿನ ಕಟ್ಟೆಯ ಮೇಲೆ ‘ಈ ಸಲ ಆ ಮನೆಯವರಿಗೇ ಬಿಟ್ಟುಬಿಡೋಣ’ ಎಂಬ ಮಾತು ಬಂದರೆ ದಯವಿಟ್ಟು ಎದ್ದು ನಿಂತು ಕೇಳಿ: ಆ ಮನೆಯವರು ಊರಿಗೆ ಏನು ಮಾಡಿದ್ದಾರೆ, ಮುಂದೆ ಏನು ಮಾಡುತ್ತಾರೆ? ಗ್ರಾಮಸಭೆಗೆ ಹೋಗಿ, ಲೆಕ್ಕ ಕೇಳಿ. ಅಧ್ಯಕ್ಷೆಯ ಕುರ್ಚಿಯಲ್ಲಿ ಅಧ್ಯಕ್ಷೆಯೇ ಕೂರುವಂತೆ ನೋಡಿಕೊಳ್ಳಿ.